ಕೂಸು ಮೊದಲು ನೋಡುವುದು ನಿನ್ನ ಮುಖವನ್ನೇ

ತೀರ್ಥಹಳ್ಳಿ ತಾಲ್ಲೂಕು,
ಜನವರಿ ಕೊನೆಯ ವಾರ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮನೆಯ ವರ್ತಮಾನವೆಲ್ಲ ನಿನ್ನ ಅಮ್ಮನ ಫೋನಿನಲ್ಲಿ ನಿನಗೆ ತಲುಪಿರುತ್ತದೆ; ಅದನ್ನೇ ಮತ್ತೆ ಬರೆದು ಕಾಗದ ತುಂಬಿಸುವುದಿಲ್ಲ. ನಿನ್ನ ಪತ್ರವನ್ನು ಮೂರು ಸಲ ಓದಿದೆ. ನಿನ್ನ ಕೂಸು ಲಂಡನ್ನಿನ ಬ್ಯಾಲೆ ನೃತ್ಯಶಾಲೆಯ ಆಯ್ಕೆಯಲ್ಲಿ ಮೊದಲ ಸುತ್ತು ದಾಟಿದ್ದು, ಕಡೆಯ ಸುತ್ತಿಗೆ ಕರೆ ಬಂದದ್ದು, ಶುಲ್ಕಕ್ಕೆ ಅಲ್ಲಿನ ಸರ್ಕಾರ ವರಮಾನ ನೋಡಿ ಕೊಡುವ ನೆರವು, ಎಲ್ಲವನ್ನೂ ವಿವರವಾಗಿ ಬರೆದಿದ್ದೀಯ. ಅವುಗಳಲ್ಲಿ ಯಾವುದೂ ನನ್ನ ನಿದ್ದೆ ಕೆಡಿಸಲಿಲ್ಲ. ಕೆಡಿಸಿದ್ದು, ಪತ್ರ ಮುಗಿದ ಮೇಲೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದ ಒಂದು ಸಾಲು: "ಸಿಗಲಿಲ್ಲ ಎಂಬ ಉತ್ತರ ಬಂದ ದಿನ ಅವಳು ಮೊದಲು ನನ್ನ ಮುಖವನ್ನೇ ನೋಡುತ್ತಾಳೆ ದೊಡ್ಡಮ್ಮ, ಆಗ ಅಲ್ಲಿ ಅವಳಿಗೆ ಏನು ಕಾಣುತ್ತದೆಯೋ ಎಂದೇ ನನಗೆ ಭಯ."

ಈ ಭಯವನ್ನು ನಾನು ಬಲ್ಲೆ. ಅದಕ್ಕೇ ಉತ್ತರ ಬರೆಯಲು ಹತ್ತು ದಿನ ಹಿಡಿಯಿತು.

ನಿನ್ನೆ ಅಂಗಳದಲ್ಲಿ ಒಣಗಿದ ಅಡಿಕೆ ಆರಿಸುತ್ತಿದ್ದರು. ನಾನೂ ಚಾಪೆಯ ಒಂದು ಮೂಲೆಯಲ್ಲಿ ಕುಳಿತು ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡುತ್ತಿದ್ದಾಗ ನಿನ್ನ ಪತ್ರದ್ದೇ ಯೋಚನೆ. ಎದೆಯ ಮೇಲೆ ಅಂಕಿಯ ಚೀಟಿ ಸಿಕ್ಕಿಸಿಕೊಂಡ ಮಕ್ಕಳು ಗೋಡೆಯುದ್ದದ ಕಂಬಿ ಹಿಡಿದು ಸಾಲಾಗಿ ನಿಲ್ಲುತ್ತಾರೆ, ಪಾದದ ಬಾಗು, ಸೊಂಟದಿಂದ ಕಾಲು ಎಷ್ಟು ಹೊರಕ್ಕೆ ತಿರುಗುತ್ತದೆ, ಕೈಕಾಲಿನ ಉದ್ದ ಹೇಗಿದೆ ಎಂದೆಲ್ಲ ನೋಡುತ್ತಾರೆ, ತಾಯಂದಿರು ಹೊರಗೆ ಕಾಯುತ್ತಿರುತ್ತೇವೆ ಎಂದು ನೀನು ಬರೆದದ್ದು ಓದಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಈ ಚಾಪೆಯೇ. ಆದರೆ ಅಡಿಕೆ ತಲೆಯೆತ್ತಿ ಆರಿಸುವವರ ಮುಖ ನೋಡುವುದಿಲ್ಲ. ಕೂಸು ನೋಡುತ್ತದೆ. ಅದೂ ಆರಿಸುವವರ ಮುಖಕ್ಕಿಂತ ಹೊರಗೆ ಕುಳಿತವಳ ಮುಖವನ್ನೇ ಹೆಚ್ಚಾಗಿ ನೋಡುತ್ತದೆ.

ನನ್ನ ಮಗ ಮಾಣಿಯ ಯಕ್ಷಗಾನದ ಹುಚ್ಚು ನಿನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು 1988ರ ಒಂದು ದಿನದ ವಿಷಯ. ಅದನ್ನು ನಾನು ನಿನ್ನ ದೊಡ್ಡಪ್ಪನಿಗೂ ಪೂರ್ತಿ ಹೇಳಿರಲಿಲ್ಲ. ಮಾಣಿಗೆ ಆಗ ಹನ್ನೆರಡು ತುಂಬಿತ್ತು. ಘಟ್ಟದ ಕೆಳಗಿನ ಒಂದು ಕೇಂದ್ರದಲ್ಲಿ ಹುಡುಗರನ್ನು ಆರಿಸಿಕೊಂಡು, ಅಲ್ಲೇ ಇಟ್ಟುಕೊಂಡು ಕಲಿಸುತ್ತಾರೆ ಎಂದು ತಿಳಿದು, ಬೆಳಗಿನ ಜಾವದ ಬಸ್ಸಿಗೆ ಅವನನ್ನು ಕರೆದುಕೊಂಡು ಆಗುಂಬೆಯ ಘಟ್ಟ ಇಳಿದೆ. ಅವನ ಅಜ್ಜ ಕೊಡಿಸಿದ ಗೆಜ್ಜೆಯನ್ನು ಒಂದು ಖಾಕಿ ಚೀಲದಲ್ಲಿ ಹಾಕಿಕೊಂಡು, ಅದನ್ನು ತೊಡೆಯ ಮೇಲಿಂದ ಕೆಳಗಿಡದೆ ದಾರಿಯುದ್ದಕ್ಕೂ ಹಿಡಿದುಕೊಂಡು ಕುಳಿತಿದ್ದ. ಹದಿನಾಲ್ಕು ತಿರುವುಗಳಲ್ಲಿ ಬಸ್ಸು ಹೊರಳಿದಾಗಲೆಲ್ಲ ಚೀಲದೊಳಗಿಂದ ಸಣ್ಣಗೆ ಸದ್ದಾಗುತ್ತಿತ್ತು.

ನನ್ನನ್ನು ಜಗಲಿಯಲ್ಲಿ ಕೂರಿಸಿದರು. ಒಳಗೆ ಮದ್ದಳೆಯ ಹೊಡೆತಕ್ಕೆ ಹುಡುಗರಿಂದ ಏಕತಾಳದ ಹೆಜ್ಜೆ ಹಾಕಿಸುತ್ತಿದ್ದರು. ಎಂಟೋ ಹತ್ತೋ ಹುಡುಗರ ಹೆಜ್ಜೆಯಲ್ಲಿ ನನ್ನ ಮಗನ ಹೆಜ್ಜೆ ಯಾವುದು ಎಂದು ಕಿವಿಯಿಂದಲೇ ಹುಡುಕುತ್ತ ಕುಳಿತಿದ್ದೆ. ಮಧ್ಯಾಹ್ನ ಅವನು ಹೊರಗೆ ಬಂದು, "ಈ ವರ್ಷ ಆಗಲಿಲ್ಲವಂತೆ" ಎಂದು ಹೇಳಿ ನನ್ನ ಮುಖ ನೋಡಿದ. ನಾನು ಒಂದು ಮಾತೂ ಆಡಲಿಲ್ಲ. ಅವನ ಕೈಯಲ್ಲಿದ್ದ ಚೀಲ ತೆಗೆದುಕೊಂಡು ಬಸ್ ನಿಲ್ದಾಣದ ಕಡೆಗೆ ನಡೆದೆ. ಬೆಳಿಗ್ಗೆಯಿಂದ ಹೊತ್ತು ಹೊತ್ತು ಅವನ ಕೈ ಸೋತಿರುತ್ತದೆ, ಸ್ವಲ್ಪ ಹೊತ್ತು ನಾನು ಹಿಡಿದುಕೊಳ್ಳುತ್ತೇನೆ ಎಂಬುದಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು. ಘಟ್ಟ ಹತ್ತುವಾಗ ಅವನ ಕಡೆ ತಿರುಗಿದರೆ ಅತ್ತುಬಿಡುತ್ತೇನೆಂದು ಹೆದರಿ ಕಿಟಕಿಯ ಹೊರಗೇ ನೋಡುತ್ತ ಬಂದೆ. ಮನೆಗೆ ಬಂದವಳು ಚೀಲವನ್ನು ಅಟ್ಟದ ಮೇಲಿಟ್ಟೆ. ಅವನು ಕೇಳಿದಾಗ ತೆಗೆದುಕೊಟ್ಟರಾಯಿತು ಎಂದುಕೊಂಡೆ. ಅವನು ಕೇಳಲೇ ಇಲ್ಲ.

ಅವನಿಗೆ ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಒಂದು ಮಳೆಗಾಲಕ್ಕೆ ಮುಂಚೆ ಅಟ್ಟ ಗುಡಿಸುವಾಗ ಆ ಚೀಲ ಸಿಕ್ಕಿತು. ತೊಗಲು ಬಿರುಕುಬಿಟ್ಟು, ಗೆಜ್ಜೆಗೆ ಕಿಲುಬು ಹಿಡಿದಿತ್ತು. ಅದನ್ನು ಕೈಯಲ್ಲಿ ಹಿಡಿದು, ಸ್ವಲ್ಪವೂ ಕೋಪವಿಲ್ಲದೆ ಅವನು ಹೇಳಿದ: "ಅವತ್ತು ನೀನು ಇದನ್ನು ನನ್ನ ಕೈಯಿಂದ ಕಿತ್ತುಕೊಂಡೆಯಲ್ಲ ಅಮ್ಮ, ಆಗಲೇ ನನಗೆ ತಿಳಿಯಿತು, ಇನ್ನು ಕುಣಿಯಬಾರದು ಎಂದು."

ಮಗಳೇ, ಕಿತ್ತುಕೊಂಡೆ ಎಂಬ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಇದೆ. ಅವನ ಭಾರ ಇಳಿಸಲು ಮಾಡಿದ ಕೆಲಸ ಅವನಿಗೆ ತೀರ್ಪಾಗಿ ಕಂಡಿತು, ಏಕೆಂದರೆ ಅದರ ಜೊತೆಗೆ ನಾನು ಮಾತು ಕೊಡಲಿಲ್ಲ. "ಕೈ ಸೋತಿರಬೇಕು, ಕೊಡು ಇಲ್ಲಿ" ಎನ್ನಲು ಎಷ್ಟು ಹೊತ್ತು ಬೇಕಿತ್ತು?

ಇನ್ನೊಂದನ್ನೂ ಮುಚ್ಚಿಡದೆ ಬರೆಯುತ್ತೇನೆ. ಅವತ್ತು ನನ್ನ ಮುಖದಲ್ಲಿ ದುಃಖ ಒಂದೇ ಇರಲಿಲ್ಲ. ಕೇರಿಗೆಲ್ಲ ಹೇಳಿಕೊಂಡು ಹೊರಟಿದ್ದೆನಾದ್ದರಿಂದ ಅವಮಾನವಿತ್ತು. ಹನ್ನೆರಡು ವರ್ಷದ ಮಗ ನನ್ನ ಮನೆಯಲ್ಲೇ ಉಳಿಯುತ್ತಾನೆ ಎಂಬ ಸಮಾಧಾನವೂ ಇತ್ತು, ಆ ಸಮಾಧಾನದ ಬಗ್ಗೆ ನಾಚಿಕೆಯೂ ಇತ್ತು. ನಿನಗೂ ಅಂಥದ್ದು ಬರಬಹುದು. ರಾಯಲ್ ಬ್ಯಾಲೆ ಶಾಲೆಯವರು ಹನ್ನೊಂದನೆಯ ವಯಸ್ಸಿಗೇ ಮಕ್ಕಳನ್ನು ಲಂಡನ್ನಿನ ರಿಚ್ಮಂಡ್ ಪಾರ್ಕಿನೊಳಗಿನ ಆ ವೈಟ್ ಲಾಡ್ಜಿನಲ್ಲಿ ಇಟ್ಟುಕೊಳ್ಳುತ್ತಾರೆ, ಹದಿನಾರರವರೆಗೆ ಅಲ್ಲೇ ಓದು, ಅಲ್ಲೇ ನೃತ್ಯ ಎಂದು ನೀನೇ ತಿಳಿಸಿದ್ದೀಯ. ಹಿಂದೆ ಅರಸರ ಬೇಟೆಮನೆಯಾಗಿದ್ದ ಆ ಕಟ್ಟಡಕ್ಕೆ ಶಾಲೆ ಬಂದದ್ದು 1955ರಲ್ಲಿ ಎಂದು ಓದಿದಾಗ, ಅದು ನಾನು ಹುಟ್ಟಿದ ವರ್ಷವಾದ್ದರಿಂದ, ಏಕೋ ಆ ಜಾಗದ ಮೇಲೆ ನನಗೆ ಮಮತೆ ಬಂದಿತು. ಸುತ್ತ ಜಿಂಕೆಗಳಿವೆಯಂತೆ. ಕೂಸಿಗೆ ಅಲ್ಲಿ ಸ್ಥಳ ಸಿಗಲಿ ಎಂದೇ ದಿನವೂ ದೀಪ ಹಚ್ಚುವಾಗ ಬೇಡುತ್ತೇನೆ. ಸಿಗದಿದ್ದರೆ, ಅವಳು ಇನ್ನಷ್ಟು ವರ್ಷ ನಿನ್ನ ಕಣ್ಣೆದುರೇ ಇರುತ್ತಾಳೆ ಎಂದು ನಿನ್ನ ಜೀವ ಒಂದು ಕ್ಷಣ ಹಗುರವಾದರೆ, ಅದಕ್ಕಾಗಿ ನಿನ್ನನ್ನು ನೀನು ಶಪಿಸಿಕೊಳ್ಳಬೇಡ.

ಸೊಂಟದ ವಿಷಯ ಬರೆದಿದ್ದೀಯ. ನಿನ್ನ ಸೊಂಟವೇ ಅವಳಿಗೆ ಬಂದಿದೆ, ಕಾಲು ಬೇಕಾದಷ್ಟು ತೆರೆಯುವುದಿಲ್ಲ ಎಂದು. ನೀನು ಶಿವಮೊಗ್ಗದಲ್ಲಿ ಭರತನಾಟ್ಯ ಕಲಿಯುವಾಗ, ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂರುವ ಅರಮಂಡಿ ಸಾಲದೆಂದು ನಿಮ್ಮ ಗುರುಗಳು ಗದರಿದ್ದೂ, ನೀನು ಮಂಡಿಯನ್ನು ಬಲವಂತವಾಗಿ ತಿರುಗಿಸಲು ಹೋಗಿ ನೋವು ಮಾಡಿಕೊಂಡು ನಮ್ಮ ಮನೆಗೆ ಬಂದಾಗ ನಾನು ಎಣ್ಣೆ ತಿಕ್ಕಿದ್ದೂ ನೆನಪಿದೆ. ಬ್ಯಾಲೆಯಲ್ಲೂ ಅದೇ ಕಥೆ ಎಂದು ಮಾಣಿ ಹೇಳಿದ: ತಿರುಗಬೇಕಾದದ್ದು ಸೊಂಟದ ಕೀಲು, ಅದು ಎಷ್ಟು ತಿರುಗೀತು ಎಂಬುದು ಬಹುಮಟ್ಟಿಗೆ ಮೂಳೆಯ ಆಕಾರದ ಮೇಲೆ ನಿಂತಿದೆ, ಮಂಡಿಯಿಂದ ತಿರುಗಿಸಿದರೆ ಮಂಡಿ ಹಾಳಾಗುತ್ತದೆ. ಮೂಳೆ ನೋಡಿ ಬೇಡವೆಂದರೆ ಅದು ಶ್ರಮಕ್ಕೆ ಕೊಟ್ಟ ಉತ್ತರವಲ್ಲ ಎಂದು ಕೂಸಿಗೆ ಈಗಲೇ, ಫಲಿತಾಂಶಕ್ಕೆ ಮುಂಚೆಯೇ ತಿಳಿಸಿಬಿಡು. ಆಮೇಲೆ ಹೇಳಿದರೆ ಸಮಾಧಾನದ ಮಾತಾಗಿ ಕೇಳಿಸುತ್ತದೆ.

ಮಾಣಿ ಇಂಥದ್ದನ್ನೆಲ್ಲ ಈಗಲೂ ಹುಡುಕಿ ಓದುತ್ತಾನೆ. ಅನ್ನಾ ಪಾವ್ಲೋವಾ ಎಂಬ ರಷ್ಯದ ನರ್ತಕಿಯ ವಿಷಯ ಅವನೇ ಹೇಳಿದ್ದು. ಸೇಂಟ್ ಪೀಟರ್ಸ್‌ಬರ್ಗಿನ ನೃತ್ಯಶಾಲೆಯವರು ಅವಳನ್ನು ಮೊದಲು, ವಯಸ್ಸು ಸಾಲದು, ಮೈಯಲ್ಲಿ ಶಕ್ತಿಯಿಲ್ಲ ಎಂದು ಹಿಂದೆ ಕಳಿಸಿದ್ದರಂತೆ. 1891ರಲ್ಲಿ, ಹತ್ತನೆಯ ವಯಸ್ಸಿನಲ್ಲಿ ತೆಗೆದುಕೊಂಡರಂತೆ. ಮುಂದೆ ಅವಳು ನಮ್ಮ ದೇಶಕ್ಕೂ ಬಂದಳು. ಅವಳ ತಂಡದವರಿಂದ ಬ್ಯಾಲೆ ಕಲಿಯತೊಡಗಿದ್ದ ರುಕ್ಮಿಣಿ ದೇವಿಯವರಿಗೆ ನಿಮ್ಮ ನಾಡಿನ ಕಲೆಯನ್ನೇ ಹುಡುಕಿ ಎಂದದ್ದು ಅವಳೇ. ಆ ಹುಡುಕಾಟವೇ 1936ರಲ್ಲಿ, ಭರತನಾಟ್ಯ ಕಲಿಸುವ ಮದರಾಸಿನ ಕಲಾಕ್ಷೇತ್ರವಾಯಿತು. ಆ ಲೆಕ್ಕದಲ್ಲಿ ನಿನ್ನ ಅರಮಂಡಿಗೂ ಕೂಸಿನ ಬ್ಯಾಲೆಗೂ ದೂರದ ನೆಂಟಸ್ತಿಕೆ ಇದೆ. ಆದರೆ ನನಗೆ ಕಾಡಿದ್ದು ಪಾವ್ಲೋವಾಳ ತಾಯಿ. ಬಟ್ಟೆ ಒಗೆದು ಜೀವನ ಮಾಡುತ್ತಿದ್ದ ಆಕೆ ಬೇಡವೆನ್ನಿಸಿಕೊಂಡ ಮಗುವನ್ನು ಮನೆಗೆ ಕರೆತರುವಾಗ ದಾರಿಯಲ್ಲಿ ಏನು ಮಾತಾಡಿದಳೋ, ಮುಖ ಹೇಗಿತ್ತೋ. ಏನೇ ಇರಲಿ, ಆ ಮಗುವಿಗೆ ಇನ್ನೊಮ್ಮೆ ಕೇಳುವ ಧೈರ್ಯ ಉಳಿದಿತ್ತು. ನನ್ನ ಮಗನಲ್ಲಿ ಅದು ಉಳಿಯಲಿಲ್ಲ.

ಈ ಕಥೆಯನ್ನು ಉತ್ತರ ಬಂದ ದಿನ ಕೂಸಿಗೆ ಹೇಳಬೇಡ. ತಿರಸ್ಕೃತಳಾದವಳು ಜಗತ್ಪ್ರಸಿದ್ಧಳಾದಳು ಎಂದು ಅಳುವ ಮಗುವಿಗೆ ಹೇಳಿದರೆ, ಅಳು ಮುಗಿಯುವ ಮೊದಲೇ ಇನ್ನೊಂದು ಪರೀಕ್ಷೆ ತಲೆಗೆ ಕಟ್ಟಿದಂತೆ.

ಏನು ಮಾಡಬೇಕು ಎಂದು ನೀನು ಕೇಳಿಲ್ಲ. ಕೇಳದೆ ಹೇಳುತ್ತಿದ್ದೇನೆ, ಸರಿ ಕಾಣದಿದ್ದರೆ ಬಿಟ್ಟುಬಿಡು. ಉತ್ತರ ಬಂದಾಗ ಅದನ್ನು ಯಾರು ತೆರೆಯಬೇಕೆಂದು ಮುಂಚೆಯೇ ಅವಳನ್ನು ಕೇಳಿಕೊ. ನೀನೇ ತೆರೆ ಎಂದರೆ, ಓದಿದ ಕೂಡಲೇ ಬಾಯಿಬಿಟ್ಟು ಹೇಳು. ನಿನ್ನ ಮುಖ ನೋಡಿ ಅವಳು ಊಹಿಸುವಂತೆ ಆಗಬಾರದು. ದಿನಾಂಕವನ್ನು ನೆಂಟರಿಗೆಲ್ಲ ತಿಳಿಸಿಲ್ಲ ತಾನೆ? ತಿಳಿಸಿದ್ದರೆ ಇರಲಿ, ಆ ದಿನ ಫೋನು ಬೇರೆ ಕೋಣೆಯಲ್ಲಿರಲಿ. ಆ ವಾರದ ಅವಳ ಮಾಮೂಲು ತರಗತಿಗೆ ಹೋಗುತ್ತೀಯಾ ಎಂದು ಕೇಳು. ಬೇಡವೆಂದರೂ ಅವಳ ನೃತ್ಯದ ಚೀಲ ಎಂದಿನ ಗೂಟದಲ್ಲೇ ತೂಗುತ್ತಿರಲಿ. ದಯಮಾಡಿ ಅದನ್ನು ಎತ್ತಿಡಬೇಡ. ಇದೊಂದನ್ನು ಮಾತ್ರ ಹಿರಿಯಳೆಂಬ ಸಲಿಗೆಯಿಂದ ಒತ್ತಿ ಹೇಳುತ್ತಿದ್ದೇನೆ.

ಮುಖದ ಮಾತಿಗೆ ಮತ್ತೆ ಬರುತ್ತೇನೆ. ಅದನ್ನು ಬಿಗಿಹಿಡಿದುಕೊಳ್ಳಲು ಹೋಗಬೇಡ. ನಾನು ಬಿಗಿಹಿಡಿದೇ ಕೆಟ್ಟೆ. ಮುಖ ಬಾಡಿದರೆ ಬಾಡಲಿ, ಕಣ್ಣಲ್ಲಿ ನೀರು ಬಂದರೆ ಬರಲಿ, ಹನ್ನೊಂದು ವರ್ಷದ ಮಗುವಿಗೆ ಅಮ್ಮನ ದುಃಖ ಅರ್ಥವಾಗದೆ ಹೋಗುವುದಿಲ್ಲ. ಆದರೆ ಆ ದುಃಖ ಯಾತಕ್ಕೆ ಎಂಬುದನ್ನು ಮಾತ್ರ ನಿನ್ನ ಬಾಯಿಂದಲೇ ಅವಳು ಕೇಳಬೇಕು. "ನಿನಗೆ ಬೇಕಾಗಿದ್ದದ್ದು ಸಿಗಲಿಲ್ಲವಲ್ಲ ಎಂದು ನನಗೆ ಅಳು ಬರುತ್ತಿದೆ, ನಿನ್ನ ಮೇಲೆ ಬೇಸರವಿಲ್ಲ" ಎಂದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಅವಳಿಗೆ ಹತ್ತಿರವಾದ ಮಾತಿನಲ್ಲಿ ಹೇಳು. ಮಾಣಿಗೆ ಆ ಮಾತನ್ನು ನಾನು ಹೇಳಿದ್ದು ಅಟ್ಟದ ಕೆಳಗೆ ನಿಂತು, ಅವನ ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಕೂದಲು ನರೆತ ಮೇಲೆ. ಅವನು ಏನೂ ಹೇಳದೆ ಗೆಜ್ಜೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಲು ಬಾವಿಕಟ್ಟೆಗೆ ತೆಗೆದುಕೊಂಡು ಹೋದ.

ಉತ್ತರ ಬಂದ ದಿನ, ಅದು ಏನೇ ಇರಲಿ, ನನಗೆ ಫೋನ್ ಮಾಡಬೇಡ. ಅವತ್ತು ಕೂಸಿನ ಜೊತೆ ಇರು. ಮಾರನೆಯ ದಿನ ಬೆಳಿಗ್ಗೆ ಮಾಡು; ನಾನು ಫೋನಿನ ಹತ್ತಿರವೇ ಕುಳಿತಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ