ಗಾಲಿ ತಿರುಗಿಸಿದರೆ ಸಾಲದು, ಅಳೆಯಲೂ ಬೇಕು

ಮಾನ್ಯ ಸಂಪಾದಕರೇ,

ಪ್ರಥಮ ಪಿಯುಸಿ ಭೌತಶಾಸ್ತ್ರದ ಭ್ರಮಣ ಚಲನೆಯ ಪಾಠದಲ್ಲಿ ಸೈಕಲ್ ರಿಮ್ಮಿನ ಚಟುವಟಿಕೆಯೊಂದಿದೆ. ಅಚ್ಚಿನ ಎರಡೂ ತುದಿಗೆ ದಾರ ಕಟ್ಟಿ, ರಿಮ್ಮನ್ನು ಜೋರಾಗಿ ತಿರುಗಿಸಿ, ಒಂದು ದಾರ ಬಿಟ್ಟರೆ ಗಾಲಿ ಬೀಳುವುದಿಲ್ಲ; ಇನ್ನೊಂದು ದಾರದ ಸುತ್ತ ಮೆಲ್ಲಗೆ ಸುತ್ತತೊಡಗುತ್ತದೆ. ಇದೇ ಪುರಸ್ಸರಣ. ಎಷ್ಟೋ ಕಡೆ ಇದನ್ನು ವಿಡಿಯೊದಲ್ಲಿ ತೋರಿಸಿ ಮುಗಿಸುತ್ತಾರೆ. ಮಾಡಿ ತೋರಿಸುವವರೂ ಚಪ್ಪಾಳೆ ಬಿದ್ದಲ್ಲಿಗೆ ನಿಲ್ಲಿಸುತ್ತಾರೆ. ಅಳತೆಯಿಲ್ಲದೆ ಹೋದರೆ ಇದು ಬರೀ ಜಾದೂ.

ಬೇಕಾದ್ದು 26 ಇಂಚಿನ ಹಳೆಯ ಸೈಕಲ್ಲಿನ ಮುಂದಿನ ಗಾಲಿ. ಹಿಂದಿನದು ಬೇಡ, ಫ್ರೀವೀಲ್‌ನ ತೂಕ ಒಂದೇ ಬದಿಗಿರುತ್ತದೆ. ಟೈರು, ಟ್ಯೂಬು ಬಿಚ್ಚಿ ರಿಮ್ಮಿನ ತೋಡಿನಲ್ಲಿ ಒಂದು ಕೆ.ಜಿ.ಯಷ್ಟು ಬೈಂಡಿಂಗ್ ವೈರ್ ಸಮನಾಗಿ ಸುತ್ತಿ ಮೇಲೆ ಟೇಪ್ ಬಿಗಿಯಬೇಕು. ಅಂಚಿನ ತೂಕ ಹೆಚ್ಚಿದರೆ ಜಡತ್ವ ಭ್ರಾಮಕ, ಅಂದರೆ ತಿರುಗುವಿಕೆಯ ಬದಲಾವಣೆಗೆ ಗಾಲಿ ಒಡ್ಡುವ ಅಡ್ಡಿ, ಹೆಚ್ಚುತ್ತದೆ, ವೇಗ ಬೇಗ ಇಳಿಯುವುದಿಲ್ಲ. ಮೂಲ ಅಚ್ಚು ಗಿಡ್ಡ. ಅದೇ ಥ್ರೆಡ್‌ನ ಉದ್ದ ರಾಡು ಹಾಕಿಸಿ, ಗಾಲಿಯ ನಡುವಿನಿಂದ 15 ಸೆಂ.ಮೀ. ದೂರದಲ್ಲಿ ದಾರ ಜಾರದಂತೆ ಎರಡು ನಟ್ಟು ಕೂರಿಸಿದರೆ ಆಯಿತು. ಕಡ್ಡಿಗಳ ಮೇಲೆ ಎರಡೂ ಬದಿ ರಟ್ಟು ಮುಚ್ಚಿ. ಬೆರಳು, ದುಪಟ್ಟಾ ಸಿಕ್ಕಿದರೆ ಕಷ್ಟ.

ಪ್ರಯೋಗ ಕೈಕೊಡುವುದು ಹೆಚ್ಚಾಗಿ ಅಚ್ಚು ಹಾಯುವ ನಡುಭಾಗವಾದ ಹಬ್ಬಿನಲ್ಲಿ (hub). ಬೇರಿಂಗ್ ಗುಂಡುಗಳನ್ನು ಒತ್ತಿಹಿಡಿಯುವ ಕೋನ್ ಬಿಗಿಯಾದರೆ ಗಾಲಿ ಬೇಗ ನಿಂತುಬಿಡುತ್ತದೆ, ಸಡಿಲವಾದರೆ ಅಲುಗುತ್ತದೆ. ಲಾಕ್‌ನಟ್ ಇಲ್ಲದಿದ್ದರೆ ಸರಿಯಾಗಿ ಕೂರಿಸಿದ ಕೋನೂ ತಿರುಗುತ್ತ ತಿರುಗುತ್ತ ಜಾಗ ಬಿಡುತ್ತದೆ. ಗಟ್ಟಿಯಾದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಬಿಡಿ. ಪ್ರತಿಸಲವೂ ಒಂದೇ ಭಾಗ ಕೆಳಗೆ ಬಂದು ನಿಂತರೆ ಎದುರು ಬದಿಗೆ ತುಸು ತಂತಿ ಸೇರಿಸಿ. ತೂಗುಹಾಕಲು ಹೆಣೆದ ಹತ್ತಿ ದಾರವೇ ಒಳ್ಳೆಯದು. ಹೊಸೆದ ನೈಲಾನ್ ಹಗ್ಗ ಭಾರಕ್ಕೆ ಬಿಚ್ಚಿಕೊಳ್ಳುತ್ತ ತಾನೂ ಗಾಲಿಯನ್ನು ತಿರುಗಿಸುತ್ತದೆ, ಅಳತೆ ಕೆಡುತ್ತದೆ.

ಅಚ್ಚನ್ನು ಮಟ್ಟಸವಾಗಿ ಹಿಡಿದು ಥಟ್ಟನೆ ಕೈಬಿಟ್ಟರೆ ಅದು ತಲೆ ತೂಗುತ್ತದೆ. ಹೋಗಬೇಕಾದ ದಿಕ್ಕಿಗೆ ಬೆರಳಿನಿಂದ ಮೆಲ್ಲಗೆ ದೂಡಿ ಬಿಟ್ಟರೆ ತೂಗಾಟ ಕಡಿಮೆ. ದಿಕ್ಕು ಮೊದಲೇ ಹೇಳಬಹುದು: ಬಲಗೈ ಬೆರಳುಗಳನ್ನು ಗಾಲಿ ತಿರುಗುವ ಕಡೆಗೆ ಮಡಚಿದಾಗ ಹೆಬ್ಬೆರಳು ದಾರದಿಂದ ಹೊರಕ್ಕೆ ಚಾಚಿದ್ದರೆ, ಮೇಲಿನಿಂದ ನೋಡುವವರಿಗೆ ಗಾಲಿ ಅಪ್ರದಕ್ಷಿಣೆ ಹಾಕುತ್ತದೆ. ವಿದ್ಯಾರ್ಥಿಗಳು ಊಹಿಸಿ ಬರೆದ ಮೇಲೆಯೇ ಕೈಬಿಡಿ. ಸುತ್ತುತ್ತಿರುವ ಅಚ್ಚಿಗೆ ಕೋಲು ಅಡ್ಡ ಹಿಡಿದರೆ ಗಾಲಿ ಕೂಡಲೇ ಕೆಳಗೆ ವಾಲುತ್ತದೆ. ಪುರಸ್ಸರಣ ನಿಂತರೆ ಗಾಲಿಯನ್ನು ಮಟ್ಟಸವಾಗಿ ಇಡುವುದು ಯಾವುದೂ ಇಲ್ಲ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಇನ್ನು ಲೆಕ್ಕ. ಟಾರ್ಕನ್ನು (ತೂಕ ಮತ್ತು ದಾರದ ದೂರದ ಗುಣಲಬ್ಧ) ಕೋನೀಯ ಸಂವೇಗದಿಂದ (ಜಡತ್ವ ಭ್ರಾಮಕ ಮತ್ತು ಗಾಲಿ ತಿರುಗುವ ವೇಗದ ಗುಣಲಬ್ಧ) ಭಾಗಿಸಿದರೆ ಪುರಸ್ಸರಣದ ವೇಗ. ತೂಕವೆಲ್ಲ ಅಂಚಿನಲ್ಲಿದೆ ಎಂದುಕೊಂಡರೆ ದ್ರವ್ಯರಾಶಿ ಭಾಗಾಕಾರದ ಮೇಲೂ ಕೆಳಗೂ ಹೊಡೆದುಹೋಗುತ್ತದೆ. ತ್ರಿಜ್ಯ 30 ಸೆಂ.ಮೀ., ದಾರದ ದೂರ 15 ಸೆಂ.ಮೀ., ಸೆಕೆಂಡಿಗೆ 4 ಸುತ್ತು ಎಂದಾದರೆ ದಾರದ ಸುತ್ತ ಒಮ್ಮೆ ಬರಲು ಸುಮಾರು 10 ಸೆಕೆಂಡು. 2 ಸುತ್ತಿಗೆ ಇಳಿದಾಗ ಸುಮಾರು 5. ಅಂದರೆ ಗಾಲಿ ನಿಧಾನವಾದಷ್ಟೂ ಪುರಸ್ಸರಣ ಚುರುಕು. ಹಬ್ಬು, ರಾಡುಗಳ ತೂಕದಿಂದಾಗಿ ನಿಜವಾದ ಅಳತೆ ಇದಕ್ಕಿಂತ ಕೊಂಚ ಕಡಿಮೆ ಬರಬಹುದು. ರಿಮ್ಮಿಗೆ ಬಿಳಿ ಟೇಪಿನ ಗುರುತು ಹಚ್ಚಿ ಮೊಬೈಲಿನ ಸ್ಲೋಮೋಷನ್‌ನಲ್ಲಿ ಸುತ್ತು ಎಣಿಸಬಹುದು.

ದಾರದ ನಡುವೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸುವುದನ್ನು ಮರೆಯಬಾರದು. ಗಾಲಿ ಸಮನಾಗಿ ಸುತ್ತುವಾಗಲೂ ತಕ್ಕಡಿ ಪೂರ್ತಿ ತೂಕವನ್ನೇ ತೋರಿಸುತ್ತದೆ. ‘ಗುರುತ್ವವನ್ನು ಗೆದ್ದಿದೆ’ ಎಂಬ ಮಾತಿಗೆ ಅದೇ ಉತ್ತರ. 1974ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ವೇದಿಕೆಯಲ್ಲಿ ಎರಿಕ್ ಲೈತ್‌ವೇಟ್ ಅವರಂಥ ಹೆಸರಾಂತ ಎಂಜಿನಿಯರೇ ಗೈರೋಸ್ಕೋಪಿನ (ಹೀಗೇ ಜೋರಾಗಿ ತಿರುಗುವ ಗಾಲಿಯ ಸಾಧನ) ವಿಷಯದಲ್ಲಿ ಇಂಥ ಮಾತಾಡಿ ಟೀಕೆಗೆ ಗುರಿಯಾಗಿದ್ದರು.

ಪ್ರಾಯೋಗಿಕ ಪಟ್ಟಿ ಸಿದ್ಧಪಡಿಸುವವರು ಇದಕ್ಕೂ ಒಂದು ಅವಧಿ ಕೊಡಲಿ. ದಾರದ ದೂರವನ್ನು 10, 15, 20 ಸೆಂ.ಮೀ.ಗೆ ಬದಲಿಸಿ ನಕ್ಷೆ ಎಳೆಯುವುದಕ್ಕೆ ಅಷ್ಟು ಹೊತ್ತು ಸಾಕು. ಖರ್ಚಿನ ನೆಪ ನಿಲ್ಲುವುದಿಲ್ಲ, ಗಾಲಿ ಗುಜರಿ ಅಂಗಡಿಯಲ್ಲೇ ಸಿಗುತ್ತದೆ.

– ಭೌತಶಾಸ್ತ್ರ ಉಪನ್ಯಾಸಕರು, ಹಾಸನ