ಬೀರು ತುಂಬಿದ್ದರೂ ಬಟ್ಟೆ ಇಲ್ಲ ಎನ್ನುವ ಗೆಳತಿಗೆ

ಪ್ರೀತಿಯ ಶಾಲೂ,

ನೀನು ಕಳಿಸಿದ ಫೋಟೋ ನೋಡಿದೆ. ಬಾಗಿಲು ಹಾಕಲೂ ಆಗದಷ್ಟು ತುಂಬಿದ ಬೀರು, ಕೆಳಗೆ ನಿನ್ನದೊಂದು ಸಾಲು: "ಹಾಕ್ಕೊಳ್ಳೋಕೆ ಒಂದೂ ಇಲ್ಲ ಕಣೇ." ನಗು ಬಂತು. ಆದರೆ ನೀನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಫೋಟೋ ದೊಡ್ಡದು ಮಾಡಿಕೊಂಡು ಒಂದೊಂದನ್ನೇ ನೋಡಿದೆ. ಹಸಿರು ಸ್ಯಾಟಿನ್ ಸ್ಕರ್ಟ್ ಚೆನ್ನಾಗಿದೆ. ಹೂವಿನ ಪ್ರಿಂಟಿನ ಉದ್ದ ಟಾಪ್ ಚೆನ್ನಾಗಿದೆ. ಆ ಸಾಸಿವೆ ಹಳದಿ ಜಾಕೆಟ್ ಅಂತೂ ನನಗೇ ಬೇಕು ಅನಿಸಿತು. ಆದರೆ ಈ ಮೂರರಲ್ಲಿ ಯಾವುದನ್ನು ಯಾವುದರ ಜೊತೆ ಹಾಕುತ್ತೀಯ ಹೇಳು? ಎಲ್ಲವೂ ಒಂಟಿ. ನಿನಗೆ ಬಟ್ಟೆಗೆ ಬರ ಬಂದಿಲ್ಲ, ಜೋಡಿಗೆ ಬಂದಿದೆ.

ಇದು ನಿನ್ನೊಬ್ಬಳ ಕತೆಯಲ್ಲ ಬಿಡು. ಅಂಗಡಿಯಲ್ಲಿ ಬಟ್ಟೆ ನೇತಾಡುವುದೇ ಬಿಡಿಬಿಡಿಯಾಗಿ. ಕಣ್ಣು ಹೋಗುವುದು ಎಲ್ಲಕ್ಕಿಂತ ಎದ್ದು ಕಾಣುವುದರ ಮೇಲೆ. ಎದ್ದು ಕಾಣುವ ಬಟ್ಟೆಗೆ ಜೋಡಿ ಸಿಗುವುದು ಕಷ್ಟ. ಮನೆಗೆ ತಂದ ಮೇಲೆ ಅದಕ್ಕೊಂದು ಬೇಕು, ಆಮೇಲೆ ಅದಕ್ಕೆ ಇನ್ನೊಂದು. ಹೀಗೇ ಬೀರು ತುಂಬುತ್ತದೆ.

ಹಾಗಾಗಿ "ನನಗೆ ಸ್ಟೈಲ್ ಹೇಳಿಕೊಡು" ಅಂದೆಯಲ್ಲ, ಅದಕ್ಕೆ ನನ್ನ ಉತ್ತರ ಇಷ್ಟೇ. ಸದ್ಯಕ್ಕೆ ಏನೂ ಕೊಳ್ಳಬೇಡ. ಇರುವುದಕ್ಕೆ ಜೋಡಿ ಹುಡುಕು.

ಮೊದಲು ನೀನು ಪದೇಪದೇ ಹಾಕುವ ಬಟ್ಟೆಗಳನ್ನು ಹೊರಗೆ ತೆಗೆ. ಒಗೆದು ಒಣಗಿದ ತಕ್ಷಣ ಮತ್ತೆ ಮೈಮೇಲೆ ಬರುವಂಥವು. ನಿನ್ನ ವಿಷಯದಲ್ಲಿ ನನಗೆ ಗೊತ್ತು, ಆ ತಿಳಿನೀಲಿ ಶರ್ಟ್. ಅದು ನಿನಗೆ ಯಾಕೆ ಅಷ್ಟು ಒಪ್ಪುತ್ತದೆ ಅಂತ ಯಾವತ್ತಾದರೂ ನೋಡಿದ್ದೀಯಾ? ಅದರ ಭುಜದ ಹೊಲಿಗೆ ಸರಿಯಾಗಿ ನಿನ್ನ ಭುಜದ ಮೂಳೆ ಮುಗಿಯುವ ಕಡೆ ಕೂರುತ್ತದೆ. ಎದೆಯ ಹತ್ತಿರ ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಡುವುದಿಲ್ಲ. ತೋಳನ್ನು ಎರಡು ಸುತ್ತು ಮಡಚಿದರೆ ಮಣಿಕಟ್ಟು ಕಾಣುತ್ತದೆ, ಮಡಿಕೆ ಜಾರಿ ಬರುವುದಿಲ್ಲ. ಮೇಲಿನ ಎರಡು ಗುಂಡಿ ಬಿಟ್ಟರೆ ಕುತ್ತಿಗೆ ಸ್ವಲ್ಪ ಉದ್ದ ಕಾಣುತ್ತದೆ. ಬಣ್ಣ ತಿಳಿಯಾಗಿರುವುದರಿಂದ ಜೀನ್ಸ್‌ಗೂ ಸೈ, ಬೂದು ಪ್ಯಾಂಟಿಗೂ ಸೈ. ನಿನ್ನ ಸ್ಟೈಲ್ ಏನು ಅಂತ ಎಲ್ಲೆಲ್ಲೋ ಹುಡುಕುತ್ತೀಯ, ಆ ಶರ್ಟು ಆಗಲೇ ಅರ್ಧ ಹೇಳಿದೆ. ಹಗುರ ಬಟ್ಟೆ, ತೆರೆದ ಕುತ್ತಿಗೆ, ಅಲಂಕಾರ ಕಡಿಮೆ, ಭುಜದಲ್ಲಿ ಬಿಗಿ, ಸೊಂಟದಲ್ಲಿ ಸಡಿಲ. ಇಂಥ ಇನ್ನೆರಡು ಮೂರು ಬಟ್ಟೆಗಳನ್ನು ಪಕ್ಕದಲ್ಲಿ ಇಟ್ಟು ನೋಡು. ಎಲ್ಲದರಲ್ಲೂ ಒಂದೇ ಗುಣ ಕಾಣುತ್ತದೆ.

ಈಗ ಆ ಹಸಿರು ಸ್ಕರ್ಟ್‌ಗೆ ಬರೋಣ. ಅದನ್ನು ಹೂವಿನ ಟಾಪ್ ಜೊತೆ ಹಾಕಿ, "ಚೀಲ ತೊಟ್ಟ ಹಾಗೆ ಕಾಣ್ತೀನಿ" ಅಂತ ಮೂಲೆಗೆ ಎಸೆದಿದ್ದೀನಿ ಅಂದೆಯಲ್ಲ. ತಪ್ಪು ಸ್ಕರ್ಟಿನದಲ್ಲ, ನಿನ್ನ ಮೈಯದಂತೂ ಅಲ್ಲವೇ ಅಲ್ಲ. ಸ್ಕರ್ಟ್ ಮೊಣಕಾಲಿನ ಕೆಳಗೆ ಅರ್ಧ ದೂರಕ್ಕೆ ಬರುತ್ತದೆ, ಟಾಪ್ ಸೊಂಟ ದಾಟಿ ತೊಡೆಯ ತನಕ ಇಳಿಯುತ್ತದೆ. ಎರಡೂ ಸಡಿಲ. ಸೇರಿಸಿ ಹಾಕಿದಾಗ ಮೇಲರ್ಧ, ಕೆಳಗರ್ಧ ಸರಿಸಮ ಎರಡು ತುಂಡಾಗಿ ಕಾಣುತ್ತದೆ, ನಡುವೆ ಸೊಂಟ ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ. ಸಾಮಾನ್ಯವಾಗಿ ಕಣ್ಣಿಗೆ ಹಿತ ಅನಿಸುವುದು ಅರ್ಧ-ಅರ್ಧ ಅಲ್ಲ, ಒಂದಕ್ಕೆ ಎರಡರಷ್ಟು. ಮೇಲೆ ಒಂದು ಪಾಲು, ಕೆಳಗೆ ಎರಡು ಪಾಲು. ಅಥವಾ ಅದರ ತಿರುವುಮುರುವು: ಮೊಣಕಾಲು ಮುಟ್ಟುವ ಕುರ್ತಾ, ಕೆಳಗೆ ಕಾಲಿಗೆ ಅಂಟಿದ ಪ್ಯಾಂಟು.

ಅದೇ ಸ್ಕರ್ಟ್ ಹಾಕಿಕೊಂಡು ಆ ತಿಳಿನೀಲಿ ಶರ್ಟನ್ನು ಪೂರ್ತಿ ಒಳಗೆ ಸಿಕ್ಕಿಸಿ ನೋಡು. ಆಮೇಲೆ ಎರಡೂ ಕೈ ಮೇಲೆತ್ತು. ಶರ್ಟು ಒಂದಿಷ್ಟು ಹೊರಬಂದು ಸೊಂಟದ ಮೇಲೆ ಸಡಿಲವಾಗಿ ಕೂರುತ್ತದೆ. ಅಷ್ಟೇ ಸಾಕು, ಮತ್ತೆ ಎಳೆದು ಸರಿಮಾಡಬೇಡ. ಸೊಂಟದ ಪಟ್ಟಿ ಕಾಣಬೇಕು. ಸ್ಯಾಟಿನ್ ಹೊಳೆಯುತ್ತದೆ, ಹತ್ತಿ ಶರ್ಟು ಹೊಳೆಯುವುದಿಲ್ಲ, ಹಾಗಾಗಿ ಸ್ಕರ್ಟು ಪಾರ್ಟಿ ಬಟ್ಟೆ ಅನಿಸದೆ ದಿನದ ಬಟ್ಟೆ ಆಗುತ್ತದೆ. ಹೊಳೆಯುವುದರ ಜೊತೆ ಮಂಕಾದದ್ದು, ತೆಳುವಿನ ಜೊತೆ ದಪ್ಪ, ನುಣುಪಿನ ಜೊತೆ ಒರಟು. ಬಣ್ಣ ಕೂಡಿಸುವುದಕ್ಕಿಂತ ಇದು ಸುಲಭ, ಆದರೂ ಯಾರೂ ಹೇಳಿಕೊಡುವುದಿಲ್ಲ ನೋಡು. ಅದೇ ಸ್ಕರ್ಟಿಗೆ ಸಾದಾ ಬಿಳಿ ಟೀ ಶರ್ಟ್ ಹಾಕು, ಇನ್ನೊಂದು ಜೋಡಿ. ಬೂದು ಬಣ್ಣದ ಒರಟು ನೂಲಿನ ಸ್ವೆಟರ್ ಹಾಕು, ಮೂರನೆಯದು. ಒಂದು ಬಟ್ಟೆಗೆ ಮೂರು ಜೋಡಿ ಸಿಕ್ಕರೆ ಅದು ಬೀರುವಿನಲ್ಲಿ ಉಳಿಯಲಿ. ಹೊಸದು ಕೊಳ್ಳುವಾಗಲೂ ಇದೇ ಲೆಕ್ಕ. ಅದಕ್ಕೆ ಹೊಂದುವ, ಮನೆಯಲ್ಲಿರುವ ಮೂರು ಬಟ್ಟೆಗಳ ಹೆಸರು ಹೇಳಲು ಆಗದಿದ್ದರೆ ಬಿಲ್ ಮಾಡಿಸಬೇಡ.

ಈ ಯೋಚನೆ ಹೊಸದೇನಲ್ಲ. 1985ರಲ್ಲಿ ಡೊನ್ನಾ ಕರನ್ ಎಂಬ ಅಮೆರಿಕದ ವಿನ್ಯಾಸಕಿ ಕೆಲಸಕ್ಕೆ ಹೋಗುವ ಹೆಂಗಸರಿಗಾಗಿ 'ಏಳು ಸುಲಭ ಬಟ್ಟೆ' ಅಂತ ಒಂದು ಸಂಗ್ರಹ ತಂದಳು. ಬಿಡಿ ಬಟ್ಟೆಗಳು ಕೆಲವೇ, ಆದರೆ ಒಂದಕ್ಕೊಂದು ಹೊಂದುವಂಥವು. ಅದೇ ಅವಳಿಗೆ ಹೆಸರು ತಂದುಕೊಟ್ಟಿತು. ಆದರೆ ಒಂದು ಮಾತು. ಆ ಯೋಚನೆ ತೆಗೆದುಕೋ, ಪಟ್ಟಿ ತೆಗೆದುಕೊಳ್ಳಬೇಡ. 'ಪ್ರತಿ ಹೆಣ್ಣಿನ ಬಳಿ ಇರಲೇಬೇಕಾದ ಹತ್ತು ಬಟ್ಟೆ' ಅಂತ ಓದುತ್ತೀಯಲ್ಲ, ಅದರಲ್ಲಿ ಬಿಳಿ ಲಿನನ್ ಶರ್ಟ್ ಇದ್ದೇ ಇರುತ್ತದೆ. ನಿನಗೋ ಇಸ್ತ್ರಿ ಅಂದರೆ ಆಗದು. ಲಿನನ್ ಕೂತು ಏಳುವಷ್ಟರಲ್ಲಿ ಸುಕ್ಕಾಗುತ್ತದೆ. ಸುಕ್ಕಿದ್ದರೂ ನಡೆಯುತ್ತದೆ ಅನ್ನುವವರಿಗೆ ಅದು ಚೆಂದ. ನಿನಗೆ ಸುಮ್ನೆ ತಲೆನೋವು.

ಬಣ್ಣದ ವಿಷಯ ಜಾಸ್ತಿ ಎಳೆಯುವುದಿಲ್ಲ. ಚರ್ಮದ ಬಣ್ಣ ನೋಡಿ ನಿನಗೆ ಇಂಥ ಬಣ್ಣವೇ ಹೊಂದುತ್ತದೆ ಅನ್ನುವ ಚಾರ್ಟುಗಳ ಮೇಲೆ ನನಗೆ ನಂಬಿಕೆ ಕಡಿಮೆ. ಹಗಲಿನ ಬೆಳಕಿನಲ್ಲಿ ಕಿಟಕಿ ಪಕ್ಕ ನಿಂತು ಬಟ್ಟೆಯನ್ನು ಗಲ್ಲದ ಕೆಳಗೆ ಹಿಡಿ. ಮುಖ ಮೊದಲು ಕಂಡರೆ ಸರಿ, ಬಟ್ಟೆ ಮೊದಲು ಕಂಡರೆ ಅದು ಸೊಂಟದ ಕೆಳಗೆ ಇರಲಿ. ಪ್ಯಾಂಟು, ಜಾಕೆಟ್ಟು, ಚಪ್ಪಲಿಗೆ ಎರಡು ಮೂಲ ಬಣ್ಣ ಆರಿಸಿಕೋ. ನಿನ್ನ ಬಳಿ ಆಗಲೇ ನೇವಿ ಬ್ಲೂ ಮತ್ತು ಬೂದು ಜಾಸ್ತಿ ಇವೆ, ಅವೇ ಇರಲಿ. ಅವುಗಳ ಮೇಲೆ ಹಸಿರು, ಸಾಸಿವೆ, ಮರೂನ್ ಯಾವುದು ಬೇಕಾದರೂ ಕೂರುತ್ತದೆ. ಪ್ರಿಂಟಿನ ಬಟ್ಟೆಗೆ ಜೋಡಿ ಬೇಕಾದರೆ ಆ ಪ್ರಿಂಟಿನಲ್ಲೇ ಎಲ್ಲೋ ಚುಕ್ಕೆಯಷ್ಟು ಇರುವ ಬಣ್ಣ ತೆಗೆದುಕೋ. ನಿನ್ನ ಹೂವಿನ ಟಾಪಿನಲ್ಲಿ ಎಲೆಗಳ ಅಂಚಿಗೆ ನೇವಿ ಇದೆ. ಹಾಗಾದರೆ ಕೆಳಗೆ ಕಾಲಿಗೆ ಅಂಟುವ ನೇವಿ ಪ್ಯಾಂಟು.

ಕಪ್ಪು ಎಲ್ಲದಕ್ಕೂ ಆಗುತ್ತದೆ ಅಲ್ವಾ ಅಂತ ಕೇಳಿದ್ದೆಯಲ್ಲ. 1926ರಲ್ಲಿ ವೋಗ್ ಎಂಬ ಫ್ಯಾಶನ್ ಪತ್ರಿಕೆ ಫ್ರಾನ್ಸಿನ ವಿನ್ಯಾಸಕಿ ಕೊಕೊ ಶನೆಲ್‌ಳ ಸಾದಾ ಕಪ್ಪು ಡ್ರೆಸ್ಸಿನ ಚಿತ್ರ ಹಾಕಿ, ಅದನ್ನು ಎಲ್ಲರೂ ಕೊಳ್ಳುವ ಫೋರ್ಡ್ ಕಾರಿಗೆ ಹೋಲಿಸಿತ್ತು. ಆ ಕಾಲದಿಂದಲೂ ಕಪ್ಪಿಗೆ ಈ ಹೆಸರಿದೆ. ನನಗೇನೋ ಕಪ್ಪು ಕೊಂಚ ರಗಳೆಯ ಬಣ್ಣ. ಒಗೆದಂತೆಲ್ಲ ಒಂದು ಕಪ್ಪು ಕಂದಿಗೆ ತಿರುಗುತ್ತದೆ, ಇನ್ನೊಂದು ನೀಲಿಗೆ. ಟ್ಯೂಬ್‌ಲೈಟಿನಲ್ಲಿ ಒಂದೇ ಅನಿಸಿದ ಎರಡು ಕಪ್ಪು ಬಿಸಿಲಿಗೆ ಬಂದಾಗ ಬೇರೆಬೇರೆ ಆಗಿರುತ್ತವೆ. ಕಪ್ಪಿನ ಮೇಲೆ ಕಪ್ಪು ಹಾಕುವುದಿದ್ದರೆ ಬಟ್ಟೆಯ ಜಾತಿಯೇ ಬೇರೆ ಇರಲಿ, ಒಂದು ಡೆನಿಮ್, ಇನ್ನೊಂದು ಉಣ್ಣೆ ಅನ್ನುವ ಹಾಗೆ. ಆಗ ಬಣ್ಣ ಕೂಡದಿದ್ದರೂ ಬೇಕಂತಲೇ ಮಾಡಿದಂತೆ ಕಾಣುತ್ತದೆ.

ಅಡ್ಡಗೆರೆಯ ಟೀ ಶರ್ಟ್ ಕೊಟ್ಟುಬಿಡುತ್ತೀನಿ ಅಂದೆಯಲ್ಲ, ದಪ್ಪ ಕಾಣ್ತೀನಿ ಅಂತ. ತಡಿ ಮಾರಾಯ್ತಿ. ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ 19ನೇ ಶತಮಾನದಲ್ಲೇ ಒಂದು ವಿಚಿತ್ರ ಗಮನಿಸಿದ್ದ. ಒಂದೇ ಅಳತೆಯ ಎರಡು ಚೌಕ ತೆಗೆದುಕೋ, ಒಂದಕ್ಕೆ ಅಡ್ಡಗೆರೆ, ಇನ್ನೊಂದಕ್ಕೆ ಉದ್ದಗೆರೆ ಎಳೆ. ಅಡ್ಡಗೆರೆಯ ಚೌಕವೇ ಉದ್ದ, ಸಪೂರ ಕಾಣುತ್ತದೆ! ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ ಮತ್ತು ಅವರ ಸಹ ಸಂಶೋಧಕಿ ಇದನ್ನು ಬಟ್ಟೆ ತೊಟ್ಟ ಆಕೃತಿಗಳ ಮೇಲೆ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಅಡ್ಡಗೆರೆ ದಪ್ಪ ತೋರಿಸುವುದಿಲ್ಲ ಅನ್ನುವುದೇ ಅವರಿಗೆ ಸಿಕ್ಕ ಉತ್ತರ. ಹಾಗಂತ ಸಪೂರ ಕಾಣಲು ಅದನ್ನೇ ಹಾಕು ಅನ್ನುತ್ತಿಲ್ಲ. ಇಷ್ಟವಿದ್ದರೆ ಹಾಕು ಅನ್ನುತ್ತಿದ್ದೇನೆ. ಬಟ್ಟೆ ಆರಿಸುವಾಗಲೆಲ್ಲ ಸಪೂರ ಕಾಣುವುದೊಂದೇ ಲೆಕ್ಕ ಅನ್ನುವುದು ನನಗೆ ಯಾವಾಗಲೂ ಬೇಸರದ ಸಂಗತಿ.

ಸೈಜಿನ ನಂಬರಿಗೆ ಅಳುವುದನ್ನೂ ಬಿಡು. ಒಂದು ಕಡೆ ಎಂ, ಇನ್ನೊಂದು ಕಡೆ ಎಕ್ಸ್‌ಎಲ್ ಬಂತು ಅಂತ ಇಡೀ ಸಂಜೆ ಹಾಳು ಮಾಡಿಕೊಂಡೆಯಂತೆ. ಆ ನಂಬರಿನ ಹಿಂದೆ ಗಟ್ಟಿ ಅಳತೆ ಏನೂ ಇಲ್ಲ. ಅಮೆರಿಕದಲ್ಲಿ 1939-40ರಲ್ಲಿ ಸುಮಾರು 15,000 ಹೆಂಗಸರ ಮೈಯಳತೆ ತೆಗೆದಿದ್ದರು. ಆ ಲೆಕ್ಕದ ಮೇಲೆ 1958ರಲ್ಲಿ ಸರ್ಕಾರವೇ ಒಂದು ಸೈಜ್ ಮಾನದಂಡ ಹೊರಡಿಸಿತು. ನಿಜವಾದ ಹೆಂಗಸರು ಆ ಚೌಕಟ್ಟಿಗೆ ಒಗ್ಗಲಿಲ್ಲ, 1983ರಲ್ಲಿ ಅದನ್ನು ಕೈಬಿಟ್ಟರು. ಅಲ್ಲಿಂದ ಒಂದೊಂದು ಕಂಪನಿ ತನಗೆ ತೋಚಿದ ಹಾಗೆ ನಂಬರ್ ಹಾಕುತ್ತದೆ. ಒಂದು ಟೇಪು ತೆಗೆದುಕೊಂಡು ಎದೆ, ಸೊಂಟ, ಪೃಷ್ಠದ ಸುತ್ತಳತೆ ಬರೆದಿಟ್ಟುಕೋ. ಜೊತೆಗೆ ನಿನಗೆ ಚೆನ್ನಾಗಿ ಕೂರುವ ಒಂದು ಪ್ಯಾಂಟನ್ನು ಮಂಚದ ಮೇಲೆ ಹರಡಿ ಅದರ ಉದ್ದ, ಸೊಂಟದ ಅಗಲ ಅಳೆ. ಆನ್‌ಲೈನಲ್ಲಿ ತರಿಸುವಾಗ ಮೈಯಳತೆಗಿಂತ ಬಟ್ಟೆಯ ಅಳತೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಟ್ರಯಲ್ ರೂಮಿನಲ್ಲಿ ನಿಂತು ನೋಡಿದರೆ ಸಾಲದು. ಕೂತು ನೋಡು, ಬಗ್ಗಿ ನೋಡು, ಕೈ ಮುಂದಕ್ಕೆ ಚಾಚು. ಒಂದಿಷ್ಟು ದೊಡ್ಡದಾದರೆ ಟೈಲರ್ ಇದ್ದಾರೆ. ಉದ್ದ ಕಡಿಮೆ ಮಾಡುವುದು, ಸೊಂಟ ಹಿಡಿಯುವುದು, ತೋಳು ಗಿಡ್ಡ ಮಾಡುವುದು ಅವರಿಗೆ ದೊಡ್ಡ ಕೆಲಸವಲ್ಲ. ಭುಜ ಮಾತ್ರ ಹಾಗಲ್ಲ. ತೋಳು ಬಿಚ್ಚಿ, ಕಂಕುಳ ಸುತ್ತು ಕತ್ತರಿಸಿ, ಮತ್ತೆ ಕೂರಿಸಬೇಕು. ಅದಕ್ಕೇ ಜಾಕೆಟ್ ಆರಿಸುವಾಗ ಭುಜ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ಭುಜ ಇಳಿಬಿದ್ದಿರುವುದೇ ವಿನ್ಯಾಸವಾಗಿರುವ ಜಾಕೆಟ್ಟುಗಳೂ ಇವೆ, ಅವುಗಳ ಮಾತು ಬೇರೆ.

ಚಪ್ಪಲಿ, ಬ್ಯಾಗು, ಕಿವಿಯೋಲೆ ಬಗ್ಗೆ ಹೆಚ್ಚು ಹೇಳಲಾರೆ. ನೀನು ಆ ವಿಷಯದಲ್ಲಿ ನನಗಿಂತ ಚುರುಕು. ಒಂದೇ ನೋಡಿಕೋ: ಅಗಲ ಪ್ಯಾಂಟಿನ ಅಂಚು ಎಲ್ಲಿ ಮುಗಿಯಬೇಕು ಅನ್ನುವುದನ್ನು ಚಪ್ಪಲಿ ತೀರ್ಮಾನಿಸುತ್ತದೆ. ಹಿಮ್ಮಡಿ ಎತ್ತರದ್ದಕ್ಕೆ ಹೊಲಿಸಿದ ಪ್ಯಾಂಟು ಚಪ್ಪಟೆ ಚಪ್ಪಲಿಗೆ ನೆಲ ಗುಡಿಸುತ್ತದೆ. ಟೈಲರ್ ಹತ್ತಿರ ಹೋಗುವಾಗ ಅದೇ ಚಪ್ಪಲಿ ಮೆಟ್ಟಿಕೊಂಡು ಹೋಗು.

ಹೊಂದುವ ಜೋಡಿ ಸಿಕ್ಕಾಗೆಲ್ಲ ಕನ್ನಡಿ ಮುಂದೆ ನಿಂತು ಫೋಟೋ ತೆಗೆದಿಟ್ಟುಕೋ. ಯಾರಿಗೂ ತೋರಿಸಲು ಅಲ್ಲ. ಬೆಳಗ್ಗೆ ಅವಸರದಲ್ಲಿ ತಲೆ ಓಡುವುದಿಲ್ಲ, ಫೋನ್ ತೆಗೆದು ಒಂದನ್ನು ಆರಿಸಿದರೆ ಆಯಿತು. ಫೋಟೋದಲ್ಲಿ ಕನ್ನಡಿಯಲ್ಲಿ ಕಾಣದ್ದೂ ಕಾಣುತ್ತದೆ. ಟಾಪಿನ ಅಂಚು ಒಂದು ಕಡೆ ಮೇಲೆ ಹೋಗಿರುವುದು, ಒಳಬಟ್ಟೆಯ ಗೆರೆ, ಜಾಸ್ತಿಯಾದ ಸರ.

ಇನ್ನು ಒಗೆಯುವುದು. ಒಳಗಿನ ಲೇಬಲ್ ಓದದೆ ಎಲ್ಲವನ್ನೂ ಒಟ್ಟಿಗೆ ಮಷೀನಿಗೆ ಹಾಕುವ ನಿನ್ನ ಚಾಳಿ ನನಗೆ ಗೊತ್ತು. ವಿಸ್ಕೋಸ್ ಅಂತ ಇದ್ದರೆ, ಅದು ಒದ್ದೆಯಾದಾಗ ಬಲ ಕಳೆದುಕೊಳ್ಳುವ ನೂಲು. ಹಿಂಡಬೇಡ, ತಣ್ಣೀರಲ್ಲಿ ಒಗೆದು ನೆರಳಲ್ಲಿ ಹರವು. ಜೀನ್ಸಿನಲ್ಲಿ ಎಲಾಸ್ಟೇನ್ ಅಥವಾ ಸ್ಪ್ಯಾಂಡೆಕ್ಸ್ ಅಂತ ಇದ್ದರೆ ಬಿಸಿನೀರು, ಬಿಸಿ ಡ್ರೈಯರ್ ಎರಡೂ ಬೇಡ. ಬಟ್ಟೆಯನ್ನು ಎಳೆದರೆ ಹಿಗ್ಗಿ ಮತ್ತೆ ಕುಗ್ಗುವಂತೆ ಮಾಡುವ ಆ ಎಳೆ ಬಿಸಿಗೆ ಸೋತರೆ ಬಟ್ಟೆ ಹಿಗ್ಗುತ್ತದೆ, ಹಿಂದಕ್ಕೆ ಬರುವುದಿಲ್ಲ. ನಿನ್ನ ಹೊಸ ಜೀನ್ಸಿನ ಮಂಡಿ ಇಷ್ಟು ಬೇಗ ಜೋತುಬಿದ್ದಿದೆ ಅಂದೆಯಲ್ಲ, ನನಗೆ ಅನುಮಾನ ಇದರ ಮೇಲೇ. ಲೇಬಲ್ಲಿನಲ್ಲಿ ಎಷ್ಟು ಪರ್ಸೆಂಟ್ ಬರೆದಿದೆ ನೋಡಿ ಹೇಳು.

ಇಂತಿ ನಿನ್ನ,
ಗೆಳತಿ