ನಿನ್ನ ಮೊದಲ ಅಕ್ವೇರಿಯಂಗೆ ಯಾವ ಮೀನು?

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಪಟ್ಟಿ ನೋಡಿದೆ. ಎರಡು ಗೋಲ್ಡ್ ಫಿಶ್, ಒಂದು ಏಂಜಲ್, ನಾಲ್ಕು ನಿಯಾನ್ ಟೆಟ್ರಾ, ಎರಡು ಟೈಗರ್ ಬಾರ್ಬ್, ಒಂದು ಫೈಟರ್, ಗಾಜಿನ ಪಾಚಿ ತಿನ್ನಲಿ ಅಂತ ಒಂದು ಸಕ್ಕರ್. ಆರೂ ಚೆಂದದ ಮೀನುಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಆರನ್ನೂ ಒಂದೇ ತೊಟ್ಟಿಗೆ ಬಿಟ್ಟರೆ ಯಾವುದಕ್ಕೂ ನೆಮ್ಮದಿ ಇರುವುದಿಲ್ಲ ಕಣೇ. ಬೇಜಾರು ಮಾಡಿಕೊಳ್ಳಬೇಡ, ಯಾಕೆ ಅಂತ ಹೇಳುತ್ತೇನೆ.

ಅಂಗಡಿಯಲ್ಲಿ ನೀನು ನೋಡುವುದೆಲ್ಲ ಮರಿಗಳು. ಬೆರಳುದ್ದ ಇರುವ ಆ ಸಕ್ಕರ್ ಬೆಳೆದರೆ 30 ಸೆಂಟಿಮೀಟರ್ ದಾಟುತ್ತದೆ. ನಿನ್ನ ತೊಟ್ಟಿಯಲ್ಲಿ ಅದಕ್ಕೆ ಹಿಂದಕ್ಕೆ ತಿರುಗಲೂ ಜಾಗ ಸಾಲದು. ತೊಟ್ಟಿ ತೊಳೆದುಕೊಡುತ್ತದೆ ಅನ್ನುವ ನಂಬಿಕೆಯೂ ಬೇಡ, ಅದು ತಿನ್ನುವ ಪಾಚಿಗಿಂತ ಹಾಕುವ ಹಿಕ್ಕೆಯೇ ಹೆಚ್ಚು. ಲೈಟನ್ನು ದಿನಕ್ಕೆ ಏಳೆಂಟು ಗಂಟೆಗೆ ಇಳಿಸಿ, ಗಾಜನ್ನು ನೀನೇ ಒರೆಸಿದರೆ ಸಾಕು. ಗೋಲ್ಡ್ ಫಿಶ್ ಕಥೆಯೂ ಅದೇ. ದೊಡ್ಡದಾಗಿ ಬೆಳೆಯುತ್ತದೆ, ನೀರನ್ನು ಬೇಗ ಕೊಳಕು ಮಾಡುತ್ತದೆ, ಮೇಲಾಗಿ ಅದು ತಣ್ಣೀರಿನ ಮೀನು. ಟೆಟ್ರಾ, ಏಂಜಲ್, ಫೈಟರ್‌ಗಳಿಗೆ ಬೇಕಾದದ್ದು ಬೆಚ್ಚಗಿನ ನೀರು. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಹಿಂಸೆ.

ಏಂಜಲ್ ಮತ್ತು ನಿಯಾನ್ ಟೆಟ್ರಾ ಜೋಡಿ ಬಹಳ ಜನರನ್ನು ಮೋಸ ಮಾಡುತ್ತದೆ. ಎರಡೂ ಅಮೆಜಾನ್ ಸೀಮೆಯವು, ಎರಡಕ್ಕೂ ಒಂದೇ ಥರದ ನೀರು ಹಿಡಿಸುತ್ತದೆ, ಮೊದಲ ಕೆಲವು ತಿಂಗಳು ಜೊತೆಗೇ ಹಾಯಾಗಿ ಓಡಾಡಿಕೊಂಡಿರುತ್ತವೆ. ಏಂಜಲ್ ಬೆಳೆದ ಮೇಲೆ ನೋಡು, ನಿಯಾನ್ ಒಂದೊಂದೇ ಕಾಣೆಯಾಗತೊಡಗುತ್ತದೆ. ಕಡ್ಡಿಯಂಥ ಮೈಯ, 4 ಸೆಂಟಿಮೀಟರ್ ಮೀರದ ಆ ಮೀನು ಅದರ ಬಾಯಿಗೆ ಸಲೀಸಾಗಿ ಹಿಡಿಯುತ್ತದೆ. ಅದಕ್ಕೆ ದುಷ್ಟತನ ಅಂತ ಹೆಸರಿಡಬೇಡ. ಬಾಯಿಗೆ ಹಿಡಿಯುವುದೆಲ್ಲ ಮೀನಿಗೆ ಊಟವೇ. ಟೈಗರ್ ಬಾರ್ಬ್ ನುಂಗುವುದಿಲ್ಲ, ಕಚ್ಚುತ್ತದೆ. ಏಂಜಲ್‌ನ ಹೊಟ್ಟೆಯಡಿ ದಾರದಂತೆ ಇಳಿಬಿದ್ದ ರೆಕ್ಕೆ, ಫೈಟರ್‌ನ ಸೆರಗಿನಂಥ ಬಾಲ ಕಂಡರೆ ಹಿಂದೆಯೇ ಹೋಗಿ ಚೂರುಚೂರೇ ಕಿತ್ತು ಹಾಕುತ್ತದೆ. ಎಂಟು ಹತ್ತರ ಗುಂಪಿನಲ್ಲಿದ್ದರೆ ಅವುಗಳ ಜಗಳ ಅವುಗಳಲ್ಲೇ ಮುಗಿಯುತ್ತದೆ. ಎರಡೇ ಇದ್ದರೆ ಕಾಟವೆಲ್ಲ ಬೇರೆಯವರಿಗೆ. ಗಂಡು ಫೈಟರ್ ಅಂತೂ ಒಂಟಿಯಾಗಿರುವುದೇ ಮೇಲು. ಅಗಲ ಬಾಲದ ಗಪ್ಪಿಯನ್ನು ಕಂಡರೂ ಎದುರಾಳಿ ಅಂದುಕೊಂಡು ಮೇಲೆ ಬೀಳಬಹುದು. ಅದರ ಮೇಲೆ ನಿನಗೆ ಅಷ್ಟೊಂದು ಮನಸ್ಸಿದ್ದರೆ ಮುಂದೆ ಅದಕ್ಕೇ ಅಂತ 20 ಲೀಟರ್‌ನ ತೊಟ್ಟಿಯೊಂದನ್ನು ಮಾಡೋಣ.

ಹಾಗಾದರೆ ಏನು ಸಾಕುವುದು? ಮೊದಲು ನಲ್ಲಿ ನೀರು ಗಡಸೋ ಮೆದುವೋ, ಅಂದರೆ ಅದರಲ್ಲಿ ಕ್ಯಾಲ್ಸಿಯಂನಂಥ ಲವಣ ಹೆಚ್ಚೋ ಕಮ್ಮಿಯೋ ಅಂತ ಟೆಸ್ಟ್ ಮಾಡು. ಗಡಸಾಗಿದ್ದರೆ ಗಪ್ಪಿ, ಪ್ಲಾಟಿ. ಮೆದುವಾಗಿದ್ದರೆ ನಿಯಾನ್ ಟೆಟ್ರಾ, ಚೆರ್ರಿ ಬಾರ್ಬ್. ಜೀಬ್ರಾ ಡೇನಿಯೋ ಎರಡಕ್ಕೂ ಒಗ್ಗುತ್ತದೆ, ಆದರೆ ಅದು ಕೂತಲ್ಲಿ ಕೂರದ ಮೀನು, ಉದ್ದಕ್ಕೆ ಓಡಲು ಜಾಗ ಬೇಕು. ಬಾಟಲಿಯ ಔಷಧಿ ಸುರಿದು ನೀರಿನ ಗುಣ ಬದಲಿಸಲು ಮಾತ್ರ ಹೋಗಬೇಡ. ಇಂದು ಏರಿ ನಾಳೆ ಇಳಿಯುವ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಮೀನಿಗೆ ಮಾಡುವಷ್ಟು ಕೇಡನ್ನು, ತುಸು ಹೆಚ್ಚು ಕಮ್ಮಿಯಾದರೂ ಒಂದೇ ಸಮ ಇರುವ ಪಿಎಚ್ ಮಾಡುವುದಿಲ್ಲ.

ನಿನ್ನ ತೊಟ್ಟಿ 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. ಲೆಕ್ಕಕ್ಕೆ 54 ಲೀಟರ್. ಮರಳು, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ ಇನ್ನೂ ಕಮ್ಮಿ. ಇಷ್ಟರಲ್ಲಿ ಒಂದೊಂದು ಜಾತಿಯಿಂದ ಒಂದೊಂದು ತರುವ ಆಸೆ ಬಿಟ್ಟುಬಿಡು ಅಂತ ಕೇಳಿಕೊಳ್ಳುತ್ತೇನೆ. ಈ ಪತ್ರದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಟ್ಟುಕೋ. ನಾಲ್ಕೇ ನಿಯಾನ್ ಇದ್ದರೆ ಬಣ್ಣ ಮಂಕಾಗಿ ಗಿಡದ ಮರೆಯಲ್ಲೇ ಇರುತ್ತವೆ. ಎಂಟು ಹತ್ತು ಇದ್ದರೆ ಅವೇ ಮೀನುಗಳು ಧೈರ್ಯವಾಗಿ ನಡುನೀರಿಗೆ ಬರುತ್ತವೆ, ಒಂದು ತಿರುಗಿದರೆ ಅಷ್ಟೂ ತಿರುಗುತ್ತವೆ, ಆ ನೀಲಿ ಗೆರೆಗಳೆಲ್ಲ ಒಟ್ಟಿಗೆ ಮಿಂಚುತ್ತವೆ. ತಳಕ್ಕೆ ಆರು ಕೋರಿಡೋರಸ್ ಬಿಡು, ತಳದಲ್ಲೇ ಓಡಾಡುವ ಮೀಸೆ ಮೀನುಗಳು, ಸಣ್ಣ ಜಾತಿಯವು. ನನಗೆ ಅವುಗಳ ಮೇಲೆ ವಿಶೇಷ ಪ್ರೀತಿ. ಮೂತಿಯನ್ನು ಮರಳಿಗೆ ಒತ್ತಿ, ಪುಟ್ಟ ಮೀಸೆಗಳಿಂದ ತಡಕುತ್ತಾ, ಕಿವಿರಿನಿಂದ ಮರಳು ಉದುರಿಸುತ್ತಾ ಹೋಗುವುದನ್ನು ಎಷ್ಟು ಹೊತ್ತು ನೋಡಿದರೂ ಸಾಕೆನಿಸುವುದಿಲ್ಲ. ಇದ್ದಕ್ಕಿದ್ದಂತೆ ಒಂದು ಸರ್ರನೆ ಮೇಲೆ ಹೋಗಿ ಗುಟುಕು ಗಾಳಿ ನುಂಗಿ ಕೆಳಗಿಳಿದರೆ ಗಾಬರಿಯಾಗಬೇಡ. ಅವು ಕರುಳಿನಿಂದಲೂ ಉಸಿರಾಡಬಲ್ಲವು. ಆದರೆ ಎಲ್ಲವೂ ಪದೇಪದೇ ಹಾಗೆ ಮಾಡತೊಡಗಿದರೆ ನೀರು ಕೆಟ್ಟಿದೆಯೇ ನೋಡು. ಚೂಪು ಜಲ್ಲಿ ಹಾಕಿದರೆ ಮೀಸೆ ಸವೆದು ಹುಣ್ಣಾಗಬಹುದು, ಅದಕ್ಕೇ ನಯವಾದ ಮರಳು ಹಾಕು. ತೇಲುವ ಆಹಾರವನ್ನೆಲ್ಲ ಮೇಲಿನವೇ ಮುಗಿಸಿಬಿಡುತ್ತವೆ, ಇವುಗಳಿಗೆ ಮುಳುಗುವ ಗುಳಿಗೆ ಬೇರೆ ಕೊಡಬೇಕು.

ಗಡಸು ನೀರಾಗಿ ಗಪ್ಪಿ ತರುವುದಾದರೆ ಗಂಡುಗಳನ್ನಷ್ಟೇ ತಾ, ಐದಾರು. ಬಣ್ಣ ಹೆಚ್ಚಿರುವುದೂ ಅವುಗಳಿಗೇ. ಒಂದೇ ಹೆಣ್ಣು ತಂದರೂ ಮರಿಯಾಗುವುದಿಲ್ಲ ಅನ್ನಲಾಗದು. ಅಂಗಡಿಯಲ್ಲೇ ಕೂಡಿದ್ದರೆ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಇಟ್ಟುಕೊಂಡು, ಹೆಚ್ಚುಕಮ್ಮಿ ತಿಂಗಳಿಗೊಮ್ಮೆ ಮರಿ ಹಾಕುತ್ತಲೇ ಇರುತ್ತದೆ. ಗಂಡು ಹೆಣ್ಣು ಎರಡೂ ಬೇಕೇಬೇಕು ಅಂದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣಾದರೂ ಇರಲಿ. ಇಲ್ಲದಿದ್ದರೆ ಗಂಡುಗಳು ಬೆನ್ನುಬಿದ್ದು ಹೆಣ್ಣು ಸೊರಗಿಹೋಗುತ್ತದೆ.

ಇಷ್ಟೆಲ್ಲ ಹೇಳಿದರೂ ಈ ವಾರ ಮೀನು ತರಬೇಡ. ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ, ಅದು ವಿಷ. ಫಿಲ್ಟರ್‌ನಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾ ಬೆಳೆದು ನಿಲ್ಲಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಫಿಲ್ಟರ್ ಓಡುತ್ತಿರಲಿ, ಖಾಲಿ ತೊಟ್ಟಿಗೇ ಚಿಟಿಕೆ ಮೀನಿನ ಆಹಾರ ಉದುರಿಸುತ್ತಿರು. ಅಮೋನಿಯಾ ಏರಿ ಇಳಿಯಬೇಕು, ನೈಟ್ರೈಟ್ ಏರಿ ಇಳಿಯಬೇಕು, ಎರಡೂ ಸೊನ್ನೆಗೆ ಬಂದು ನಿಲ್ಲಬೇಕು. ಆಮೇಲೂ ಒಂದು ಸಲಕ್ಕೆ ಒಂದೇ ಗುಂಪು, ನಡುವೆ ಎರಡು ಮೂರು ವಾರ ಬಿಡುವು. ನಿಯಾನ್ ನಾಜೂಕು ಜೀವ, ಅದು ಕೊನೆಗೆ ಬರಲಿ. ಅಂಗಡಿಯಲ್ಲಿ ರೆಕ್ಕೆ ಮುದುಡಿಕೊಂಡ, ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಯಿರುವ ಒಂದೇ ಒಂದು ಮೀನು ಕಂಡರೂ ಆ ತೊಟ್ಟಿಯದ್ದು ಯಾವುದೂ ಬೇಡ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು ಹೇಗೂ ನಿನಗೆ ಗೊತ್ತು. ಹೊಸ ನೀರಿನ ಕ್ಲೋರಿನ್ ತೆಗೆಯುವುದು ಮರೆಯಬೇಡ, ಫಿಲ್ಟರ್ ಸ್ಪಂಜನ್ನು ನಲ್ಲಿಯಡಿ ತೊಳೆಯಬೇಡ, ಕ್ಲೋರಿನ್‌ಗೆ ಆ ಬ್ಯಾಕ್ಟೀರಿಯಾ ಸಾಯುತ್ತವೆ.

ನೀರಿನ ಗಡಸುತನ ಎಷ್ಟು ಬಂತು ಅಂತ ಬರೆದು ಕಳಿಸು. ಅದನ್ನು ನೋಡಿಕೊಂಡು ಇಬ್ಬರೂ ಕೂತು ಹೊಸ ಪಟ್ಟಿ ಮಾಡೋಣ.

ಇಂತಿ ನಿನ್ನ ಪ್ರೀತಿಯ,
ಅಮ್ಮ